ತಟ್ಟೆಯ ಚಿಲ್ಲರೆಗೂ ಸಂಸತ್ತಿನ ಲೆಕ್ಕ

ಹೋಟೆಲಿನಲ್ಲಿ ಊಟ ಮುಗಿಸಿದ ಮೇಲೆ ಸಪ್ಲೈಯರ್ ಪುಟ್ಟ ತಟ್ಟೆಯೊಂದರಲ್ಲಿ ಬಿಲ್ಲನ್ನೂ ಒಂದಿಷ್ಟು ಸೋಂಪನ್ನೂ ತಂದಿಡುತ್ತಾನೆ. ಹಣ ಕೊಟ್ಟವರು ಮಿಕ್ಕ ಚಿಲ್ಲರೆಯಲ್ಲಿ ಒಂದಷ್ಟನ್ನು ತಟ್ಟೆಯಲ್ಲೇ ಬಿಟ್ಟು ಏಳುತ್ತಾರೆ. ಇದಕ್ಕೆ ನಾವು ಟಿಪ್ಸ್ ಎನ್ನುತ್ತೇವೆ. ಹಿರಿಯರು ಭಕ್ಷೀಸು ಎನ್ನುತ್ತಿದ್ದರು. ಅದು ಬಡಿಸಿದವನ ಕೈಗೇ ಸೇರುತ್ತದೆ ಎಂಬುದು ಎಲ್ಲರ ನಂಬಿಕೆ. ಆದರೆ ಅದೇ ಹಣವನ್ನು ತಟ್ಟೆಯಲ್ಲಿ ಬಿಡದೆ, ಬಿಲ್ಲಿನ ಮೊತ್ತದ ಜೊತೆಗೇ ಕಾರ್ಡಿನ ಮೂಲಕ ಕೊಟ್ಟರೆ ಏನಾಗುತ್ತದೆ? ಹಣ ಮೊದಲು ಮಾಲೀಕರ ಖಾತೆಗೆ ಹೋಗುತ್ತದೆ. ಅಲ್ಲಿಂದ ಬಡಿಸಿದವನಿಗೆ ಎಷ್ಟು ಬಂತು, ಯಾವಾಗ ಬಂತು ಎಂದು ಕೇಳುವವರು ಯಾರು?

ಇನ್ನೊಂದು ಬಗೆಯ ಹಣವೂ ಇದೆ. ಕೆಲಸ ಕಳೆದುಕೊಂಡವರಿಗೆ, ಕಡಿಮೆ ಸಂಬಳದವರಿಗೆ, ಕಾಯಿಲೆಯವರಿಗೆ ಸರ್ಕಾರ ಕೊಡುವ ನೆರವಿನ ಹಣ. ಅದು ಶಾಸನಸಭೆ ಒಪ್ಪಿಗೆ ಕೊಟ್ಟ, ತೆರಿಗೆಯಿಂದ ಬಂದ ಹಣ. ಅದೂ ಇಲಾಖೆ, ಕಂಪ್ಯೂಟರ್, ಬ್ಯಾಂಕುಗಳನ್ನು ದಾಟಿ ಸೇರಬೇಕಾದವರನ್ನು ಸೇರಬೇಕು. ನಡುವೆ ತಡವಾದರೆ ಅಥವಾ ಕಡಿತವಾದರೆ ಯಾರನ್ನು ಕೇಳುವುದು?

ಮೇಲ್ನೋಟಕ್ಕೆ ಈ ಎರಡು ಪ್ರಶ್ನೆಗಳಿಗೆ ಸಂಬಂಧವಿಲ್ಲವೆಂದು ತೋರಬಹುದು. ಆದರೆ ಎರಡರಲ್ಲೂ ಇರುವ ಸ್ಥಿತಿ ಒಂದೇ. ಹಣ ಸಲ್ಲಬೇಕಾದವರು ಒಬ್ಬರು. ಅದನ್ನು ಕೈಯಲ್ಲಿ ಹಿಡಿದಿರುವವರು ಇನ್ನೊಬ್ಬರು. ಹಿಡಿದಿರುವವರು ಬಲಶಾಲಿಗಳು, ಸಲ್ಲಬೇಕಾದವರು ದುರ್ಬಲರು. ಇಂಥ ಕಡೆ ಜನಪ್ರತಿನಿಧಿಗಳ ಸಭೆ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ತಿಳಿಯಲು ಬ್ರಿಟನ್ನಿನ ಸಂಸತ್ತಿನ ಇತ್ತೀಚಿನ ಅನುಭವ ಒಳ್ಳೆಯ ಪಾಠ. ನಮ್ಮ ಸಂಸದೀಯ ಪದ್ಧತಿಯ ಹಲವು ಅಂಶಗಳು ಅಲ್ಲಿಂದಲೇ ಬಂದವಾದ್ದರಿಂದ ಈ ಪಾಠ ನಮಗೆ ಅಪರಿಚಿತವೂ ಅಲ್ಲ.

ಪ್ರಶ್ನೆ ಕೇಳುವ ವ್ಯವಸ್ಥೆ

ಸಂಸತ್ತೆಂದರೆ ಕಾನೂನು ಮಾಡುವ ಸಭೆ ಎಂದು ಪಠ್ಯಪುಸ್ತಕದಲ್ಲಿ ಓದುತ್ತೇವೆ. ಅದು ಅರ್ಧ ಮಾತ್ರ ನಿಜ. ಸರ್ಕಾರವನ್ನು ಪ್ರಶ್ನಿಸಿ ಉತ್ತರ ಪಡೆಯುವುದು ಅದರ ಇನ್ನರ್ಧ ಕೆಲಸ. ಬ್ರಿಟನ್ನಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ ಈ ಕೆಲಸಕ್ಕೆ ಹಲವು ದಾರಿಗಳಿವೆ. ಸದನದಲ್ಲಿ ಸಚಿವರಿಗೆ ಬಾಯಿಮಾತಿನ ಪ್ರಶ್ನೆ, ಲಿಖಿತ ಪ್ರಶ್ನೆ, ಪ್ರತಿ ಬುಧವಾರ ಪ್ರಧಾನಿಗೆ ಪ್ರಶ್ನೆ, ವಿರೋಧ ಪಕ್ಷಕ್ಕೆ ಮೀಸಲಾದ ದಿನಗಳ ಚರ್ಚೆ ಇವು ಎಲ್ಲರ ಕಣ್ಣಿಗೆ ಬೀಳುವಂಥವು. ಇವುಗಳಿಗಿಂತ ಹೆಚ್ಚು ಆಳಕ್ಕೆ ಇಳಿಯುವುದು ಸಮಿತಿಗಳು.

1979ರಿಂದ ಅಲ್ಲಿ ಪ್ರತಿಯೊಂದು ಪ್ರಮುಖ ಇಲಾಖೆಯನ್ನೂ ಪರಿಶೀಲಿಸಲು ಒಂದೊಂದು ಸಂಸದೀಯ ಸಮಿತಿ ಇದೆ. ಸಮಿತಿಯಲ್ಲಿ ಎಲ್ಲ ಪ್ರಮುಖ ಪಕ್ಷಗಳ ಸದಸ್ಯರಿರುತ್ತಾರೆ, ಸಚಿವರಿರುವುದಿಲ್ಲ. ವ್ಯಕ್ತಿಗಳನ್ನು ಕರೆಸುವ, ಕಾಗದಪತ್ರ ತರಿಸುವ ಅಧಿಕಾರ ಅದಕ್ಕಿದೆ. 2010ರಿಂದ ಇಂಥ ಬಹುತೇಕ ಸಮಿತಿಗಳ ಅಧ್ಯಕ್ಷರನ್ನು ಸದನದ ಸದಸ್ಯರೇ ಗುಪ್ತ ಮತದಾನದ ಮೂಲಕ ಆರಿಸುತ್ತಾರೆ. ಹಾಗಾಗಿ ಅಧ್ಯಕ್ಷರು ಪಕ್ಷದ ನಾಯಕರ ಹಂಗಿನಲ್ಲಿ ಇರಬೇಕಾಗಿಲ್ಲ. ಸಮಿತಿ ಕೈಗೊಂಡ ವಿಚಾರಣೆಗೆ ಸಾಮಾನ್ಯ ನಾಗರಿಕರೂ ಲಿಖಿತ ಸಾಕ್ಷ್ಯ ಕಳುಹಿಸಬಹುದು. ಕೊನೆಗೆ ಸಮಿತಿ ವರದಿ ಕೊಡುತ್ತದೆ. ಸಾಮಾನ್ಯವಾಗಿ ಎರಡು ತಿಂಗಳೊಳಗೆ ಸರ್ಕಾರ ಉತ್ತರ ಕೊಡಬೇಕು.

ಇದರ ಜೊತೆಗೆ ಸರ್ಕಾರದ ಖರ್ಚಿನ ಲೆಕ್ಕ ನೋಡುವ ಸಾರ್ವಜನಿಕ ಲೆಕ್ಕಪತ್ರ ಸಮಿತಿ 1861ರಿಂದಲೇ ಇದೆ. ಅದಕ್ಕೆ ಮಹಾಲೇಖಪಾಲರು ಮತ್ತು ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ನೆರವಾಗುತ್ತವೆ. ನಮ್ಮಲ್ಲೂ ಕೇಂದ್ರದ ಲೆಕ್ಕಪತ್ರ ಸಮಿತಿ 1921ರಲ್ಲಿ ಹುಟ್ಟಿತು. ಇಲಾಖಾವಾರು ಸ್ಥಾಯಿ ಸಮಿತಿಗಳ ಪೂರ್ಣ ವ್ಯವಸ್ಥೆ 1993ರಲ್ಲಿ ಬಂತು.

ಇಲ್ಲಿ ವಿದ್ಯಾರ್ಥಿಗಳು ನೆನಪಿಡಬೇಕಾದ ಒಂದು ಅಂಶವಿದೆ. ಸಮಿತಿ ಶಿಫಾರಸು ಮಾಡಬಹುದು, ಆದೇಶ ಮಾಡಲಾರದು. ಅದರ ಬಲವೆಲ್ಲ ಪ್ರಶ್ನೆಯಲ್ಲಿ, ಸಾಕ್ಷ್ಯದಲ್ಲಿ ಮತ್ತು ಬಹಿರಂಗವಾಗಿ ಉತ್ತರ ಕೊಡಬೇಕಾದ ಮುಜುಗರದಲ್ಲಿದೆ. ಆ ಬಲ ಎಷ್ಟರಮಟ್ಟಿನದೆಂದು ನೋಡೋಣ.

ಆರು ನೆರವು, ಒಂದೇ ಪಾವತಿ

ಬ್ರಿಟನ್ನಿನಲ್ಲಿ ದುಡಿಯುವ ವಯಸ್ಸಿನವರಿಗೆ ಸರ್ಕಾರ ಹಿಂದೆ ಬೇರೆ ಬೇರೆ ಹೆಸರಿನ ಆರು ನೆರವುಗಳನ್ನು ಕೊಡುತ್ತಿತ್ತು. ನಿರುದ್ಯೋಗ ಭತ್ಯೆ, ಮನೆ ಬಾಡಿಗೆಯ ನೆರವು, ಮಕ್ಕಳಿರುವ ಕುಟುಂಬಕ್ಕೆ ತೆರಿಗೆ ಇಲಾಖೆಯ ಮೂಲಕ ಕೊಡುವ ಹಣ ಮುಂತಾದವು ಇದರಲ್ಲಿ ಸೇರಿದ್ದವು. ಬೇರೆ ಬೇರೆ ಅರ್ಜಿ, ಬೇರೆ ಬೇರೆ ಕಚೇರಿ. ಇವೆಲ್ಲವನ್ನೂ ಒಂದುಗೂಡಿಸಿ ‘ಯೂನಿವರ್ಸಲ್ ಕ್ರೆಡಿಟ್’ ಎಂಬ ಒಂದೇ ಮಾಸಿಕ ಪಾವತಿಯನ್ನು 2012ರ ಕಾಯಿದೆ ಜಾರಿಗೆ ತಂದಿತು. 2013ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್ ಬಳಿಯ ಆಷ್ಟನ್-ಅಂಡರ್-ಲೈನ್ ಎಂಬ ಊರಿನಲ್ಲಿ ಇದರ ಪ್ರಯೋಗ ಆರಂಭವಾಯಿತು. 2017ರ ಹೊತ್ತಿಗೆ ದೇಶಕ್ಕೆಲ್ಲ ಹರಡುವ ಗುರಿಯಿತ್ತು. ಆದರೆ ಕಂಪ್ಯೂಟರ್ ವ್ಯವಸ್ಥೆಯ ತೊಡಕುಗಳಿಂದ ಕೆಲಸ ಹಲವು ವರ್ಷ ಹಿಂದೆ ಬಿತ್ತು.

ಯೋಜನೆಯ ಮೂಲ ಉದ್ದೇಶ ಸರಳ ಮತ್ತು ಒಳ್ಳೆಯದು. ಗಳಿಕೆ ಹೆಚ್ಚಿದಂತೆ ನೆರವು ನಿಧಾನವಾಗಿ ಇಳಿಯಬೇಕು; ಕೆಲಸಕ್ಕೆ ಹೋದರೆ ನಷ್ಟ ಎಂಬ ಸ್ಥಿತಿ ಯಾರಿಗೂ ಬರಬಾರದು. ಆದರೆ ಒಳ್ಳೆಯ ಉದ್ದೇಶದ ಯೋಜನೆಯೂ ಜಾರಿಯ ಹಂತದಲ್ಲಿ ಎಡವಬಹುದು. ನೆರವನ್ನು ತಿಂಗಳ ಸಂಬಳದ ಮಾದರಿಯಲ್ಲಿ, ತಿಂಗಳು ಮುಗಿದ ಮೇಲೆ ಕೊಡುವ ಪದ್ಧತಿ ಬಂತು. ಅರ್ಜಿ ಹಾಕಿದ ಹಲವರಿಗೆ ಮೊದಲ ಏಳು ದಿನ ಏನೂ ಸಲ್ಲುತ್ತಿರಲಿಲ್ಲ. ಅನಂತರ ಒಂದು ತಿಂಗಳ ಗಳಿಕೆಯ ಲೆಕ್ಕ. ಅದಾದ ಮೇಲೆ ಹಣ ಖಾತೆಗೆ ಬರಲು ಇನ್ನೊಂದು ವಾರ. ಒಟ್ಟು ಸುಮಾರು ಆರು ವಾರ. ಕೂಡಿಟ್ಟ ಹಣವಿಲ್ಲದ ಕುಟುಂಬಕ್ಕೆ ಆರು ವಾರವೆಂದರೆ ಬಾಡಿಗೆ ಬಾಕಿ, ಕೈಸಾಲ, ಉಚಿತ ಆಹಾರ ಕೊಡುವ ದತ್ತಿ ಸಂಸ್ಥೆಗಳ ಮುಂದೆ ಸಾಲು.

ದೂರವಾಣಿ ಕರೆಯ ಬೆಲೆ

ಈ ಸಂಗತಿಗಳನ್ನು ವಿಚಾರಣೆಗೆ ಎತ್ತಿಕೊಂಡದ್ದು ಕಾಮನ್ಸ್ ಸಭೆಯ ‘ಉದ್ಯೋಗ ಮತ್ತು ಪಿಂಚಣಿ ಸಮಿತಿ’. ಅದರ ಅಧ್ಯಕ್ಷರಾಗಿದ್ದವರು ಫ್ರಾಂಕ್ ಫೀಲ್ಡ್. 1979ರಿಂದ 2019ರವರೆಗೆ ಸದಸ್ಯರಾಗಿದ್ದ ಇವರು 1990ರ ದಶಕದಲ್ಲೂ ಸಾಮಾಜಿಕ ಭದ್ರತೆಯ ಸಮಿತಿಯ ಅಧ್ಯಕ್ಷರಾಗಿದ್ದವರು. ಬಡವರ ನೆರವಿನ ನಿಯಮಗಳನ್ನು ಅವರಷ್ಟು ಬಲ್ಲವರು ಸದನದಲ್ಲಿ ಕೆಲವರೇ ಇದ್ದರು.

2017ರ ಅಕ್ಟೋಬರ್‌ನಲ್ಲಿ ಒಂದು ಚಿಕ್ಕ ವಿಷಯ ದೊಡ್ಡದಾಯಿತು. ತಮ್ಮ ಹಣ ಏಕೆ ಬಂದಿಲ್ಲವೆಂದು ಕೇಳಲು ಜನರು ಇಲಾಖೆಯ ಸಹಾಯವಾಣಿಗೆ ಕರೆ ಮಾಡಬೇಕಾಗಿತ್ತು. ಆ ಕರೆ ಉಚಿತವಾಗಿರಲಿಲ್ಲ. ಕೆಲವು ಮೊಬೈಲ್‌ಗಳಿಂದ ಕರೆ ಮಾಡಿದರೆ ನಿಮಿಷಕ್ಕೆ 55 ಪೆನ್ಸ್‌ವರೆಗೆ ಖರ್ಚಾಗುತ್ತಿತ್ತು. ಕಿಸೆಯಲ್ಲಿ ಕಾಸಿಲ್ಲದ್ದರಿಂದಲೇ ಕರೆ ಮಾಡುವವರು, ಕರೆಗೇ ಕಾಸು ತೆರಬೇಕು! ವಿರೋಧ ಪಕ್ಷದ ನಾಯಕ ಜೆರೆಮಿ ಕಾರ್ಬಿನ್ ಅಕ್ಟೋಬರ್ 11ರಂದು ಪ್ರಧಾನಿಯ ಪ್ರಶ್ನೋತ್ತರದಲ್ಲಿ ಇದನ್ನು ಎತ್ತಿದರು. ಒಂದು ವಾರದ ಬಳಿಕ, ಅಕ್ಟೋಬರ್ 18ರಂದು, ಇಲಾಖೆಯ ಸಚಿವ ಡೇವಿಡ್ ಗಾಕ್ ಸಮಿತಿಯ ಮುಂದೆ ಹಾಜರಾದರು. ಸಹಾಯವಾಣಿಯ ಕರೆಯನ್ನು ಉಚಿತಗೊಳಿಸುವುದಾಗಿ ಅಲ್ಲಿಯೇ ಪ್ರಕಟಿಸಿದರು.

ಅದೇ ದಿನ ಸದನದಲ್ಲಿ, ಯೋಜನೆಯ ವಿಸ್ತರಣೆಯನ್ನು ಸದ್ಯಕ್ಕೆ ನಿಲ್ಲಿಸಬೇಕೆಂಬ ವಿರೋಧ ಪಕ್ಷದ ನಿರ್ಣಯ ಮತಕ್ಕೆ ಬಂತು. ಆಡಳಿತ ಪಕ್ಷ ತನ್ನ ಸದಸ್ಯರನ್ನು ಮತದಾನದಿಂದ ದೂರ ಇರಿಸಿತು. ನಿರ್ಣಯದ ಪರ 299 ಮತ, ವಿರುದ್ಧ ಸೊನ್ನೆ. ಆದರೂ ವಿಸ್ತರಣೆ ನಿಲ್ಲಲಿಲ್ಲ, ಏಕೆಂದರೆ ಇಂಥ ನಿರ್ಣಯ ಸರ್ಕಾರವನ್ನು ಕಾನೂನಿನಂತೆ ಕಟ್ಟಿಹಾಕುವುದಿಲ್ಲ. ಸದನದ ಮಾತಿಗೆ ಹಾಗಾದರೆ ಬೆಲೆಯೇನು ಎಂಬ ಆಕ್ಷೇಪ ಎದ್ದಿತು. ಇಂಥ ನಿರ್ಣಯಗಳಿಗೆ 12 ವಾರದೊಳಗೆ ಸಚಿವರು ಹೇಳಿಕೆ ಕೊಡುವುದಾಗಿ ಸರ್ಕಾರ ಅದೇ ತಿಂಗಳು ಒಪ್ಪಿಕೊಂಡಿತು.

ಸಮಿತಿಯ ವರದಿ ಅಕ್ಟೋಬರ್ ಕೊನೆಯಲ್ಲಿ ಹೊರಬಂತು. ಆರು ವಾರದ ಕಾಯುವಿಕೆ ಕುಟುಂಬಗಳನ್ನು ಸಾಲಕ್ಕೆ ದೂಡುತ್ತಿದೆಯೆಂದು ಅದು ಸಾಕ್ಷ್ಯಸಮೇತ ಹೇಳಿತು. ನವೆಂಬರ್ 22ರ ಬಜೆಟ್‌ನಲ್ಲಿ ಆರಂಭದ ಏಳು ದಿನಗಳ ನಿಯಮ ರದ್ದಾಯಿತು. 2018ರ ಫೆಬ್ರುವರಿಯಿಂದ ಕಾಯುವಿಕೆ ಐದು ವಾರಕ್ಕೆ ಇಳಿಯಿತು. ಒಂದು ವಾರವೆಂದರೆ ನಮಗೆ ಅಲ್ಪವೆನಿಸಬಹುದು. ಮನೆಯಲ್ಲಿ ದಿನಸಿ ಮುಗಿದವರಿಗೆ ಅದು ಅಲ್ಪವಲ್ಲ.

ಲೆಕ್ಕಪರಿಶೋಧಕರ ಪತ್ರ

ಉತ್ತರ ಪಡೆಯುವುದಷ್ಟೇ ಸಾಲದು, ಉತ್ತರ ಸರಿಯಾಗಿರಬೇಕು. ಇದಕ್ಕೆ 2018ರ ಘಟನೆ ನಿದರ್ಶನ. ಆ ವರ್ಷದ ಜೂನ್‌ನಲ್ಲಿ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಯೂನಿವರ್ಸಲ್ ಕ್ರೆಡಿಟ್ ಬಗ್ಗೆ ವರದಿ ಕೊಟ್ಟಿತು. 2017ರಲ್ಲಿ ಹೊಸ ಅರ್ಜಿದಾರರಲ್ಲಿ ಸುಮಾರು ಕಾಲು ಭಾಗದಷ್ಟು ಜನರಿಗೆ, ಅಂದರೆ ಸುಮಾರು 1,13,000 ಅರ್ಜಿಗಳಲ್ಲಿ, ಪೂರ್ಣ ಹಣ ಸಕಾಲಕ್ಕೆ ಸಿಕ್ಕಿರಲಿಲ್ಲವೆಂದು ಅದು ಲೆಕ್ಕ ಹಾಕಿತ್ತು. ಆಗ ಸಚಿವೆಯಾಗಿದ್ದ ಎಸ್ತರ್ ಮೆಕ್‌ವೇ ಸದನದಲ್ಲಿ ಆ ವರದಿಯನ್ನು ತಮ್ಮ ಯೋಜನೆಗೆ ಅನುಕೂಲವಾಗುವಂತೆ ವಿವರಿಸಿದರು. ಮಹಾಲೇಖಪಾಲ ಏಮಿಯಸ್ ಮೋರ್ಸ್ ಸುಮ್ಮನಿರಲಿಲ್ಲ. ವರದಿಯಲ್ಲಿ ಇರುವುದು ಅದಲ್ಲವೆಂದು ಸಚಿವೆಗೆ ಬಹಿರಂಗ ಪತ್ರ ಬರೆದರು. 2018ರ ಜುಲೈ 4ರಂದು ಸಚಿವೆ ಸದನಕ್ಕೆ ಬಂದು, ಅರಿಯದೆ ತಪ್ಪು ಮಾಹಿತಿ ಕೊಟ್ಟದ್ದಕ್ಕಾಗಿ ಕ್ಷಮೆ ಕೇಳಿದರು.

ಒಬ್ಬ ಲೆಕ್ಕಪರಿಶೋಧಕರು ಅಧಿಕಾರದಲ್ಲಿರುವ ಸಚಿವರನ್ನು ತಿದ್ದಬಲ್ಲರೆಂದರೆ ಅದಕ್ಕೆ ಕಾರಣ ಅವರ ಸ್ಥಾನ. 1983ರ ಕಾಯಿದೆಯ ಪ್ರಕಾರ ಅಲ್ಲಿನ ಮಹಾಲೇಖಪಾಲರು ಕಾಮನ್ಸ್ ಸಭೆಯ ಅಧಿಕಾರಿ; ಸರ್ಕಾರದ ನೌಕರರಲ್ಲ.

ಟಿಪ್ಸಿನ ಹಣ ಯಾರದು?

ಇನ್ನು ತಟ್ಟೆಯ ಚಿಲ್ಲರೆಯ ಕಡೆಗೆ ಬರೋಣ. ಬ್ರಿಟನ್ನಿನ ರೆಸ್ಟೋರೆಂಟುಗಳಲ್ಲಿ ಬಿಲ್ಲಿನ ಜೊತೆ ಸೇವಾ ಶುಲ್ಕ ಸೇರಿಸುವುದು, ಗಿರಾಕಿಗಳು ಕಾರ್ಡಿನಲ್ಲಿ ಟಿಪ್ಸ್ ಕೊಡುವುದು ಬಹುಕಾಲದಿಂದ ವಾಡಿಕೆ. ಕೈಯಿಂದ ಕೈಗೆ ಕೊಟ್ಟ ನಗದು ಬಡಿಸಿದವರದೇ. ಆದರೆ ಕಾರ್ಡು ಅಥವಾ ಚೆಕ್ಕಿನ ಮೂಲಕ ಕೊಟ್ಟದ್ದು? ಲಂಡನ್ನಿನ ಒಂದು ರೆಸ್ಟೋರೆಂಟಿನ ಬಡಿಸುವವರು ಈ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಒಯ್ದರು. ಅಂಥ ಹಣ ಮೊದಲು ಮಾಲೀಕರ ಆಸ್ತಿಯಾಗುತ್ತದೆ ಎಂದು 1996ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. 2002ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲೂ ಬಡಿಸುವವರಿಗೆ ಜಯ ಸಿಗಲಿಲ್ಲ.

ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ತಿಳಿಯಬಹುದು. 1999ರ ಏಪ್ರಿಲ್‌ನಿಂದ ಬ್ರಿಟನ್ನಿನಲ್ಲಿ ಗಂಟೆಗೆ ಕನಿಷ್ಠ ಕೂಲಿ ನಿಗದಿಯಾಯಿತು. ಆದರೆ ಸಂಬಳದ ಪಟ್ಟಿಯ ಮೂಲಕ ಹಂಚಿದ ಟಿಪ್ಸನ್ನು ಮಾಲೀಕರು ಆ ಕನಿಷ್ಠ ಕೂಲಿಯಲ್ಲೇ ಸೇರಿಸಿ ತೋರಿಸಬಹುದಾಗಿತ್ತು. ಕೂಲಿ ಗಂಟೆಗೆ 5 ಪೌಂಡ್ ಎಂದಿಟ್ಟುಕೊಳ್ಳಿ. ಮಾಲೀಕರು ತಮ್ಮ ಕಡೆಯಿಂದ 3 ಪೌಂಡ್ ಕೊಟ್ಟು, ಉಳಿದ 2 ಪೌಂಡನ್ನು ಗಿರಾಕಿಗಳ ಟಿಪ್ಸಿನಿಂದ ತುಂಬಿದರೆ ಕಾನೂನಿಗೆ ಸಾಕಿತ್ತು. ಗಿರಾಕಿ ಮೆಚ್ಚಿ ಕೊಟ್ಟ ಹಣ ಮಾಲೀಕರ ಖರ್ಚನ್ನು ಉಳಿಸುತ್ತಿತ್ತು. 2009ರ ಅಕ್ಟೋಬರ್ 1ರಿಂದ ಇದು ನಿಷಿದ್ಧವಾಯಿತು. ಆಗಿನ ಕನಿಷ್ಠ ಕೂಲಿ ಗಂಟೆಗೆ 5.80 ಪೌಂಡ್, ಟಿಪ್ಸ್ ಅದರ ಮೇಲೆ ಬರತಕ್ಕದ್ದು.

ಆದರೆ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ‘ಆಡಳಿತ ವೆಚ್ಚ’ ಎಂಬ ಹೆಸರಿನಲ್ಲಿ ಕೆಲವು ದೊಡ್ಡ ರೆಸ್ಟೋರೆಂಟ್ ಸಂಸ್ಥೆಗಳು ಕಾರ್ಡಿನ ಟಿಪ್ಸಿನಲ್ಲಿ ನೂರಕ್ಕೆ ಎಂಟು, ಹತ್ತು ಪೌಂಡಿನಂತೆ ಮುರಿದುಕೊಳ್ಳುತ್ತಿವೆ ಎಂದು 2015ರಲ್ಲಿ ಪತ್ರಿಕೆಗಳು ಬರೆದವು. ಕಾರ್ಮಿಕ ಸಂಘ ಚಳವಳಿ ಹೂಡಿತು.

ಎಂಟು ವರ್ಷದ ಹಾದಿ

ಇಲ್ಲಿಂದ ಮುಂದಿನ ಕಥೆಯನ್ನು ಸಹಾಯವಾಣಿಯ ಕಥೆಯ ಜೊತೆ ಹೋಲಿಸಿ ನೋಡಿ. 2015ರ ಆಗಸ್ಟ್‌ನಲ್ಲಿ ವಾಣಿಜ್ಯ ಸಚಿವ ಸಾಜಿದ್ ಜಾವಿದ್ ಸಾರ್ವಜನಿಕರಿಂದ ಸಾಕ್ಷ್ಯ ಕರೆದರು. 2016ರಲ್ಲಿ ಅಭಿಪ್ರಾಯ ಸಂಗ್ರಹ ನಡೆಯಿತು. 2018ರ ಅಕ್ಟೋಬರ್‌ನಲ್ಲಿ ಪ್ರಧಾನಿ ಥೆರೆಸಾ ಮೇ ಸರ್ಕಾರ ಕಾನೂನು ತರುವುದಾಗಿ ಪ್ರಕಟಿಸಿತು. 2019ರ ಡಿಸೆಂಬರ್‌ನಲ್ಲಿ ರಾಣಿಯ ಭಾಷಣದಲ್ಲಿ ಉದ್ಯೋಗ ಮಸೂದೆಯ ಭರವಸೆ ಬಂತು. ಮಸೂದೆ ಬರಲಿಲ್ಲ, ಕೊರೊನಾ ಸಾಂಕ್ರಾಮಿಕ ಬಂತು, ರೆಸ್ಟೋರೆಂಟುಗಳೇ ಮುಚ್ಚಿದವು.

ವಿರೋಧಿಸುವವರು ಕಡಿಮೆ, ಒಪ್ಪುವವರು ಎಲ್ಲ ಪಕ್ಷಗಳಲ್ಲೂ ಇದ್ದರು. ಹಾಗಿದ್ದೂ ಏಕೆ ತಡವಾಯಿತು? ಸಹಾಯವಾಣಿಯನ್ನು ಉಚಿತಗೊಳಿಸಲು ಸಚಿವರ ಒಂದು ತೀರ್ಮಾನ ಸಾಕಾಗಿತ್ತು. ಟಿಪ್ಸಿಗೆ ಹೊಸ ಕಾನೂನೇ ಬೇಕಾಗಿತ್ತು. ಕಾನೂನಿಗೆ ಸದನದ ಸಮಯ ಬೇಕು. ಆ ಸಮಯದ ಹಂಚಿಕೆ ಬಹುಪಾಲು ಸರ್ಕಾರದ ಕೈಯಲ್ಲಿದೆ. ದೊಡ್ಡ ಮಸೂದೆಗಳ ಸಾಲಿನಲ್ಲಿ ಚಿಲ್ಲರೆಯ ಮಸೂದೆ ಹಿಂದೆ ಸರಿಯುತ್ತಲೇ ಹೋಯಿತು.

ಕೊನೆಗೆ ದಾರಿ ತೆರೆದದ್ದು ಖಾಸಗಿ ಸದಸ್ಯರ ಮಸೂದೆ. ಸಚಿವರಲ್ಲದ ಸದಸ್ಯರು ತರುವ ಮಸೂದೆಗೆ ಈ ಹೆಸರು. ಅಧಿವೇಶನದ ಆರಂಭದಲ್ಲಿ ಚೀಟಿ ಎತ್ತಿ 20 ಸದಸ್ಯರನ್ನು ಆರಿಸುತ್ತಾರೆ. ಕೆಲವು ಶುಕ್ರವಾರಗಳನ್ನು ಅವರ ಮಸೂದೆಗಳಿಗೆ ಬಿಟ್ಟುಕೊಡುತ್ತಾರೆ. 2022ರಲ್ಲಿ ಡೀನ್ ರಸೆಲ್ ಎಂಬ ಸದಸ್ಯರು ಟಿಪ್ಸ್ ಹಂಚಿಕೆಯ ಮಸೂದೆ ತಂದರು. ಜುಲೈ 15ರ ಶುಕ್ರವಾರ ಅದು ಎರಡನೆಯ ವಾಚನಕ್ಕೆ ಬಂತು. ಅಷ್ಟರಲ್ಲಿ ಅವರು ಕೆಲಕಾಲ ಸಚಿವರಾದದ್ದರಿಂದ ವರ್ಜೀನಿಯಾ ಕ್ರಾಸ್ಬಿ ಎಂಬ ಸದಸ್ಯೆ ಅದನ್ನು ಮುಂದುವರಿಸಿದರು. 2023ರ ಮೇ 2ರಂದು ರಾಜರ ಅಂಕಿತ ಬಿದ್ದು ಅದು ಕಾಯಿದೆಯಾಯಿತು. 2024ರ ಜುಲೈನಲ್ಲಿ ಜಾರಿಯಾಗಬೇಕಿದ್ದುದು ಅಕ್ಟೋಬರ್ 1ಕ್ಕೆ ಮುಂದೆ ಹೋಯಿತು. ನಡುವೆ ಸರ್ಕಾರವೇ ಬದಲಾಗಿತ್ತು. ಆದರೂ ಕಾಯಿದೆ ಅಂದಿನಿಂದ ಜಾರಿಗೆ ಬಂತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಕೆಲಸಗಾರರಿಗೆ ಇದರಿಂದ ಪ್ರಯೋಜನವಾಗುವುದೆಂದೂ ವರ್ಷಕ್ಕೆ ಸುಮಾರು 20 ಕೋಟಿ ಪೌಂಡ್ ಅವರ ಕೈಗೆ ಸೇರುವುದೆಂದೂ ಸರ್ಕಾರದ ಅಂದಾಜು.

ಕಾಯಿದೆಯ ಮುಖ್ಯಾಂಶಗಳು

ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಿಗೆ ಅನ್ವಯಿಸುವ ಈ ಕಾಯಿದೆಯ ಪ್ರಕಾರ ಮಾಲೀಕರ ನಿಯಂತ್ರಣಕ್ಕೆ ಬರುವ ಟಿಪ್ಸ್ ಮತ್ತು ಸೇವಾ ಶುಲ್ಕ ಪೂರ್ತಿಯಾಗಿ ಕೆಲಸಗಾರರಿಗೆ ಸಲ್ಲಬೇಕು. ಕಾನೂನುಬದ್ಧ ತೆರಿಗೆಯಂಥ ಕಡಿತಗಳ ಹೊರತು ಬೇರೇನನ್ನೂ ಮುರಿಯುವಂತಿಲ್ಲ. ಬ್ಯಾಂಕು ಕಾರ್ಡಿಗೆ ವಿಧಿಸುವ ಶುಲ್ಕವನ್ನು ಕೂಡ. ಗಿರಾಕಿ ಹಣ ಕೊಟ್ಟ ತಿಂಗಳಿನ ಮರುತಿಂಗಳು ಮುಗಿಯುವುದರೊಳಗೆ ಹಂಚಬೇಕು. ಹಂಚಿಕೆಯ ನೀತಿ ಲಿಖಿತವಾಗಿರಬೇಕು. ಮೂರು ವರ್ಷದ ದಾಖಲೆ ಇಡಬೇಕು. ಕೆಲಸಗಾರರು ಕೇಳಿದರೆ ತಮ್ಮ ಪಾಲಿನ ಲೆಕ್ಕವನ್ನು ತೋರಿಸಬೇಕು. ತಪ್ಪಿದರೆ ಉದ್ಯೋಗ ನ್ಯಾಯಮಂಡಳಿಗೆ ದೂರು ಕೊಡಬಹುದು. ಆದ ನಷ್ಟಕ್ಕೆ 5,000 ಪೌಂಡ್‌ವರೆಗೆ ಪರಿಹಾರವಿದೆ.

ಹಂಚಿಕೆ ‘ನ್ಯಾಯಯುತ’ವಾಗಿರಬೇಕು ಎನ್ನುತ್ತದೆ ಕಾಯಿದೆ, ‘ಸಮಾನ’ವಾಗಿರಬೇಕು ಎನ್ನುವುದಿಲ್ಲ. ಬಡಿಸುವವರಿಗೆ ಎಷ್ಟು, ಒಳಗೆ ಅಡುಗೆ ಮಾಡುವವರಿಗೆ ಎಷ್ಟು, ಪಾತ್ರೆ ತೊಳೆಯುವವರಿಗೆ ಎಷ್ಟು ಎಂಬುದನ್ನು ಕೆಲಸದ ಸ್ವರೂಪ, ಅನುಭವ, ಮೂಲ ಸಂಬಳ ಮೊದಲಾದವನ್ನು ನೋಡಿ ನಿರ್ಧರಿಸಲು ಸಂಸತ್ತು ಒಪ್ಪಿದ ಆಚರಣಾ ಸಂಹಿತೆಯೊಂದಿದೆ. ಎಲ್ಲ ಟಿಪ್ಸನ್ನು ಒಂದೇ ನಿಧಿಗೆ ಹಾಕಿ ಹಂಚುವ ಪದ್ಧತಿ ಅಲ್ಲಿ ಮೊದಲಿನಿಂದ ಇದೆ. ಅದಕ್ಕೆ ‘ಟ್ರಾಂಕ್’ ಎಂದು ಹೆಸರು. ಕಾಣಿಕೆ ಡಬ್ಬಿ ಎಂಬ ಅರ್ಥದ ಫ್ರೆಂಚ್ ಪದ ಅದು.

ನಮ್ಮ ಕಡೆಯಿಂದ ಓದಲು ಹೋದವರಿಗೂ ಇದು ಸಂಬಂಧಿಸಿದ ವಿಷಯ. ಕರ್ನಾಟಕದಿಂದ ಬ್ರಿಟನ್ನಿಗೆ ಪದವಿ ವ್ಯಾಸಂಗಕ್ಕೆ ಹೋಗುವ ವಿದ್ಯಾರ್ಥಿಗಳಿಗೆ ತರಗತಿಗಳು ನಡೆಯುವ ಅವಧಿಯಲ್ಲಿ ಸಾಮಾನ್ಯವಾಗಿ ವಾರಕ್ಕೆ 20 ಗಂಟೆಯವರೆಗೆ ದುಡಿಯುವ ಅನುಮತಿ ಇರುತ್ತದೆ. ರೆಸ್ಟೋರೆಂಟಿನಲ್ಲಿ ದುಡಿಯುವವರು ಅವರಲ್ಲಿ ಹಲವರು. ವೀಸಾದ ನಿಯಮದಂತೆ ಯೂನಿವರ್ಸಲ್ ಕ್ರೆಡಿಟ್‌ನಂಥ ಸರ್ಕಾರಿ ನೆರವು ಅವರಿಗೆ ಸಿಗುವುದಿಲ್ಲ. ಆದರೆ ಟಿಪ್ಸಿನ ಕಾಯಿದೆಯ ರಕ್ಷಣೆ ಕೆಲಸಗಾರರಾದ ಅವರಿಗೂ ಇದೆ. ಈ ಹಕ್ಕನ್ನು ತಿಳಿದು ಹೋಗುವುದು ಒಳ್ಳೆಯದು.

ಎರಡು ಹಣ ಕೂಡುವಲ್ಲಿ

ಟಿಪ್ಸ್ ಮತ್ತು ಸರ್ಕಾರಿ ನೆರವು ಒಂದೇ ಮನೆಗೆ ಬರುವುದೂ ಉಂಟು. ಅರೆಕಾಲಿಕವಾಗಿ ಬಡಿಸುವ ಕೆಲಸ ಮಾಡಿಕೊಂಡು ಯೂನಿವರ್ಸಲ್ ಕ್ರೆಡಿಟ್ ಪಡೆಯುವ ಒಬ್ಬ ತಾಯಿಯನ್ನು ಊಹಿಸಿಕೊಳ್ಳಿ. ಮಕ್ಕಳಿರುವ ಕುಟುಂಬಕ್ಕೆ ಗಳಿಕೆಯ ಮೊದಲ ಒಂದು ಭಾಗಕ್ಕೆ ವಿನಾಯಿತಿ ಇದೆ. ಅದನ್ನು ದಾಟಿದ ಮೇಲೆ, 2021ರ ಕೊನೆಯಲ್ಲಿ ಮಾಡಿದ ಬದಲಾವಣೆಯಂತೆ, ಕೈಗೆ ಬಂದ ಪ್ರತಿ ಪೌಂಡಿಗೆ ನೆರವಿನಲ್ಲಿ 55 ಪೆನ್ಸ್ ಇಳಿಯುತ್ತದೆ. ಸಂಬಳದ ಪಟ್ಟಿಯ ಮೂಲಕ ಅವಳಿಗೆ 40 ಪೌಂಡ್ ಟಿಪ್ಸ್ ಬಂತು, ತೆರಿಗೆಯೇನೂ ಬೀಳಲಿಲ್ಲ ಎನ್ನೋಣ. ನೆರವಿನಲ್ಲಿ 22 ಪೌಂಡ್ ಕಡಿಮೆಯಾಗಿ, ಅವಳಿಗೆ ನಿಜವಾಗಿ ಉಳಿಯುವುದು 18 ಪೌಂಡ್. ಯೋಜನೆಯ ಆರಂಭದ ವರ್ಷಗಳಲ್ಲಿ ಈ ಇಳಿಕೆ 65 ಪೆನ್ಸ್ ಇತ್ತು. ಆಗಿದ್ದರೆ ಉಳಿಯುತ್ತಿದ್ದುದು 14 ಪೌಂಡ್ ಮಾತ್ರ. ಗಿರಾಕಿ ಮೆಚ್ಚಿ ಕೊಟ್ಟ ಹಣದಲ್ಲಿ ಬಡಿಸಿದವಳಿಗೆ ಎಷ್ಟು ಉಳಿಯಬೇಕು ಎಂಬುದನ್ನೂ ಹೀಗೆ ಸಂಸತ್ತಿನ ತೀರ್ಮಾನವೇ ನಿಶ್ಚಯಿಸುತ್ತದೆ.

ಗಳಿಕೆಯ ಮಾಹಿತಿ ಮಾಲೀಕರಿಂದ ತೆರಿಗೆ ಇಲಾಖೆಗೂ ಅಲ್ಲಿಂದ ನೆರವಿನ ಇಲಾಖೆಗೂ ಕಂಪ್ಯೂಟರಿನಲ್ಲೇ ಹೋಗುತ್ತದೆ. ಸಂಬಳದ ದಿನ ರಜೆಯಾಗಿ, ಒಂದೆರಡು ದಿನ ಮೊದಲೇ ಸಂಬಳ ಬಂದರೆ ಕಂಪ್ಯೂಟರ್ ಒಂದೇ ತಿಂಗಳಲ್ಲಿ ಎರಡು ಸಂಬಳವೆಂದು ಎಣಿಸುತ್ತಿತ್ತು, ನೆರವು ಕುಸಿಯುತ್ತಿತ್ತು. ನಾಲ್ವರು ಒಂಟಿ ತಾಯಂದಿರು ನ್ಯಾಯಾಲಯಕ್ಕೆ ಹೋದರು. ಇದನ್ನು ಸರಿಪಡಿಸದಿರುವುದು ವಿವೇಕಕ್ಕೆ ಒಪ್ಪದ ಮಾತೆಂದು 2020ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಅದೇ ವರ್ಷ ನವೆಂಬರ್‌ನಲ್ಲಿ ನಿಯಮ ಬದಲಾಯಿತು. ಸಂಸತ್ತು ಕೇಳಿ ಮುಗಿಸದ ಪ್ರಶ್ನೆಗೆ ಕೆಲವೊಮ್ಮೆ ನ್ಯಾಯಾಲಯ ಉತ್ತರ ಪಡೆಯುತ್ತದೆ.

ಎಚ್ಚರಿಕೆಯನ್ನು ಕೇಳದೆ ಹೋದಾಗ

ಸಮಿತಿಯ ಮಾತನ್ನು ಸರ್ಕಾರ ಬದಿಗಿಟ್ಟರೆ ಏನಾಗುತ್ತದೆ? ಮನೆಯಲ್ಲಿ ಕಾಯಿಲೆಯವರನ್ನೋ ಅಂಗವಿಕಲರನ್ನೋ ವಾರಕ್ಕೆ ಕನಿಷ್ಠ 35 ಗಂಟೆ ನೋಡಿಕೊಳ್ಳುವವರಿಗೆ ಅಲ್ಲಿ ಆರೈಕೆ ಭತ್ಯೆ ಇದೆ. 2024ರ ಏಪ್ರಿಲ್‌ನಿಂದ ಒಂದು ವರ್ಷ ಅದು ವಾರಕ್ಕೆ 81.90 ಪೌಂಡ್ ಇತ್ತು. ಜೊತೆಗೆ ಹೊರಗೆ ದುಡಿಯುವುದಾದರೆ ಗಳಿಕೆ ವಾರಕ್ಕೆ 151 ಪೌಂಡ್ ಮೀರುವಂತಿರಲಿಲ್ಲ. ಒಂದೇ ಪೌಂಡ್ ಮೀರಿದರೂ ಆ ವಾರದ ಇಡೀ ಭತ್ಯೆ ಹೋಗುತ್ತಿತ್ತು. ಹೀಗೆ ವಾರವಾರವೂ ಒಂದು ಪೌಂಡ್ ಮೀರುತ್ತಾ ಒಂದು ವರ್ಷ ಕಳೆದರೆ, ಹೆಚ್ಚುವರಿ ಗಳಿಕೆ 52 ಪೌಂಡ್. ಹಿಂದಿರುಗಿಸಬೇಕಾದ ಭತ್ಯೆ 4,258.80 ಪೌಂಡ್!

ಗಳಿಕೆಯ ಮಾಹಿತಿ ಇಲಾಖೆಗೆ ಬರುತ್ತಿತ್ತು. ಆದರೂ ಎಷ್ಟೋ ಪ್ರಕರಣಗಳಲ್ಲಿ ಅದನ್ನು ಸಕಾಲಕ್ಕೆ ನೋಡದೆ, ವರ್ಷಗಳ ಬಳಿಕ ದೊಡ್ಡ ಮೊತ್ತ ವಾಪಸು ಕೇಳಲಾಯಿತು. 2019ರಲ್ಲೇ ಲೆಕ್ಕಪರಿಶೋಧನಾ ಕಚೇರಿಯೂ ಉದ್ಯೋಗ ಮತ್ತು ಪಿಂಚಣಿ ಸಮಿತಿಯೂ ಈ ಬಗ್ಗೆ ವರದಿ ಕೊಟ್ಟು ಎಚ್ಚರಿಸಿದ್ದವು. ತಕ್ಕ ಕ್ರಮ ಆಗಲಿಲ್ಲ. 2024ರಲ್ಲಿ ಪತ್ರಿಕೆಗಳು ವಿಷಯವನ್ನು ಮತ್ತೆ ಬೆಳಕಿಗೆ ತಂದ ಮೇಲೆ ಸರ್ಕಾರ ಸ್ವತಂತ್ರ ಪರಾಮರ್ಶೆಗೆ ಆದೇಶಿಸಿತು. 2025ರ ಏಪ್ರಿಲ್‌ನಲ್ಲಿ ಗಳಿಕೆಯ ಮಿತಿ 196 ಪೌಂಡಿಗೆ ಏರಿತು. ನವೆಂಬರ್‌ನಲ್ಲಿ ಪರಾಮರ್ಶೆಯ ವರದಿ ಹೊರಬಂದು, ಅದರ ಬಹುತೇಕ ಶಿಫಾರಸುಗಳನ್ನು ಸರ್ಕಾರ ಒಪ್ಪಿಕೊಂಡಿತು. 2019ರ ಎಚ್ಚರಿಕೆಗೆ ಆಗಲೇ ಕಿವಿಗೊಟ್ಟಿದ್ದರೆ ನಡುವಿನ ವರ್ಷಗಳಲ್ಲಿ ಸಾಲದ ಹೊರೆ ಹೊತ್ತವರ ಸಂಖ್ಯೆ ಎಷ್ಟೋ ಕಡಿಮೆಯಾಗುತ್ತಿತ್ತು.

ನಾವು ಗಮನಿಸಬೇಕಾದದ್ದು

ಭಾರತದಲ್ಲಿ ಹೋಟೆಲಿನ ಸೇವಾ ಶುಲ್ಕದ ಪ್ರಶ್ನೆ ಬೇರೆ ಬಾಗಿಲಿನಿಂದ ಬಂದಿದೆ. ಬಿಲ್ಲಿನಲ್ಲಿ ತಾನಾಗಿಯೇ ಸೇವಾ ಶುಲ್ಕ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್ 28ರಂದು ದೆಹಲಿ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಇಲ್ಲಿ ಮುಂದೆ ಬಂದ ಪ್ರಶ್ನೆ, ಗಿರಾಕಿ ಆ ಹಣ ಕೊಡಲೇಬೇಕೆ ಎಂಬುದು. ಬ್ರಿಟನ್ನಿನ ಕಾಯಿದೆಯ ಪ್ರಶ್ನೆ, ಕೊಟ್ಟದ್ದು ಬಡಿಸಿದವರಿಗೆ ಸೇರಿತೇ ಎಂಬುದು. ಎರಡೂ ಬೇಕಾದ ಪ್ರಶ್ನೆಗಳೇ. ಒಂದಕ್ಕೆ ಉತ್ತರ ಸಿಕ್ಕಿತೆಂದು ಇನ್ನೊಂದು ತೀರಿದಂತಾಗುವುದಿಲ್ಲ.

ಮೇಲಿನ ಉದಾಹರಣೆಗಳಿಂದ ಕೆಲವು ಮಾತು ಸ್ಪಷ್ಟವಾಗುತ್ತದೆ. ಸಂಸತ್ತಿನ ಪ್ರಶ್ನೆಗೆ ಬಲ ಬರುವುದು ಅದು ಖಚಿತವಾಗಿದ್ದಾಗ: ‘ಬಡವರಿಗೆ ಏನು ಮಾಡುತ್ತಿದ್ದೀರಿ?’ ಎಂಬ ಪ್ರಶ್ನೆಗಿಂತ ‘ನಿಮಿಷಕ್ಕೆ 55 ಪೆನ್ಸ್ ಏಕೆ?’ ಎಂಬ ಪ್ರಶ್ನೆಗೆ ಉತ್ತರ ಬೇಗ ಬರುತ್ತದೆ. ತೊಂದರೆಗೆ ಒಳಗಾದವರ ಸಾಕ್ಷ್ಯ ಮತ್ತು ಸ್ವತಂತ್ರ ಲೆಕ್ಕಪರಿಶೋಧನೆ ಎರಡೂ ಜೊತೆಗಿದ್ದಾಗ ಸಚಿವರಿಗೆ ನುಣುಚಿಕೊಳ್ಳುವುದು ಕಷ್ಟ. ಇಷ್ಟಾದರೂ, ಒಮ್ಮೆ ಕೇಳಿ ಬಿಟ್ಟ ಪ್ರಶ್ನೆ ಕಡತದಲ್ಲಿ ಮಲಗುತ್ತದೆ. ಮತ್ತೆ ಮತ್ತೆ ಕೇಳಿದ್ದು ಮಾತ್ರ ಎಂಟು ವರ್ಷಕ್ಕಾದರೂ ಕಾಯಿದೆಯಾಗುತ್ತದೆ.

ನಮ್ಮ ಲೋಕಸಭೆಯ ಪ್ರಶ್ನೋತ್ತರವನ್ನು ಸಂಸದ್ ಟಿವಿಯಲ್ಲಿ ನೋಡಬಹುದು. ಸ್ಥಾಯಿ ಸಮಿತಿಗಳ ವರದಿಗಳೂ ಎಲ್ಲರಿಗೂ ತೆರೆದಿವೆ. ನಿಮ್ಮ ಊರಿನಲ್ಲಿ ವಿದ್ಯಾರ್ಥಿವೇತನ ತಡವಾಗಿದೆಯೇ, ಪಿಂಚಣಿ ನಿಂತಿದೆಯೇ, ಉದ್ಯೋಗ ಖಾತರಿಯ ಕೂಲಿ ಬಾಕಿಯಿದೆಯೇ? ಅಂಥ ಒಂದು ವಿಷಯವನ್ನು ಆರಿಸಿಕೊಳ್ಳಿ. ಹಣ ಯಾರದು, ಈಗ ಯಾರ ಬಳಿ ಇದೆ, ಎಷ್ಟು ದಿನದೊಳಗೆ ಸೇರಬೇಕಿತ್ತು, ಯಾರು ಉತ್ತರ ಕೊಡಬೇಕು ಎಂಬ ನಾಲ್ಕು ಪ್ರಶ್ನೆಗಳನ್ನು ಒಂದು ಹಾಳೆಯ ಮೇಲೆ ಬರೆದು ಉತ್ತರ ಹುಡುಕಿ. ಪೌರನೀತಿಯ ಪಾಠ ಅಲ್ಲಿಂದ ಆರಂಭವಾಗುತ್ತದೆ.